ಮಗ್ ಮೇಲಿನ ಅಮೋಘಿ ಅಜ್ಜ

"ಗಾಜಿಗೆ ಮೂಗು ಹಚ್ಚಬ್ಯಾಡಲೇ ಶಿವ್ಯಾ, ಸುಟ್ಟೀತು."

ರೇಣುಕಾ ತಮ್ಮನ ಕಾಲರ್ ಹಿಡಿದು ಹಿಂದಕ್ಕೆ ಎಳೆದಳು. ಅವನನ್ನು ಎಳೆದು ತಾನೇ ಮುಂದೆ ಬಗ್ಗಿ ನೋಡಿದಳು.

ಬಾಲ್ಕನಿಯ ಕಟ್ಟೆಯ ಮೇಲಿದ್ದ ಓವನ್ ಒಳಗೆಲ್ಲ ಕೆಂಪಾಗಿತ್ತು. ನಡುವೆ ಒಂದು ಮಗ್ ಕುಳಿತಿತ್ತು. ಅದರ ಸುತ್ತ ಕಾಗದ, ಕಾಗದದ ಮೇಲೆ ಟೇಪು, ಟೇಪಿನ ಮೇಲೆ ರಬ್ಬರಿನ ಅಗಲ ಪಟ್ಟಿ. ನೆಗಡಿ ಬಂದವರು ಮಫ್ಲರ್ ಸುತ್ತಿಕೊಂಡು ಕುಳಿತ ಹಾಗಿತ್ತು.

ಒಂದನೇ ಕ್ಲಾಸಿನ ಶಿವ್ಯಾನಿಗೆ ಈ ಓವನ್‌ನಲ್ಲಿ ಕೇಕು ಯಾಕೆ ಮಾಡುವುದಿಲ್ಲ ಎಂಬುದೊಂದೇ ಚಿಂತೆ. ಶಾಯಿಯ ಹೊಗೆ ತುಂಬುವ ಓವನ್‌ನಲ್ಲಿ ತಿನ್ನುವ ಪದಾರ್ಥ ಇಡಬಾರದು ಎಂದು ಹೇಳಿ ಹೇಳಿ ಅವ್ವನಿಗೆ ಸಾಕಾಗಿತ್ತು. ಅದಕ್ಕೇ ಅದು ಅಡುಗೆಮನೆ ಬಿಟ್ಟು ಬಾಲ್ಕನಿ ಸೇರಿತ್ತು.

ಅವ್ವ ಮಹಾನಂದಾ ಮನೆಯಲ್ಲೇ ಮಗ್ ಮೇಲೆ ಫೋಟೋ ಹಾಕಿ ಕೊಡುತ್ತಿದ್ದಳು. ಬರ್ತ್‌ಡೇ, ಮದುವೆ, ಟೀಚರ್ ರಿಟೈರ್ ಆಗುವುದು, ಏನೇ ಇರಲಿ ಜಲನಗರದ ಮಂದಿ ಅವಳ ಹತ್ತಿರವೇ ಬರುತ್ತಿದ್ದರು. ರೇಣುಕಾ ಅವಳಿಗೆ ಸಹಾಯಕಿ. ಓದುವುದು ಐದನೇ ಕ್ಲಾಸಾದರೂ ಗತ್ತು ಮಾತ್ರ ಹೆಡ್‌ಮಾಸ್ತರರದು. 'ನನಗ ಗೊತ್ತಿಲ್ಲ' ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಇವತ್ತಿನ ಮಗ್ ಪೂರ್ತಿ ಅವಳದೇ. ಫೋಟೋ ತೆಗೆದವಳು ಅವಳು, ಫೋನಿನಲ್ಲಿ ತಿದ್ದಿದವಳು ಅವಳು, ಉಲ್ಟಾ ಮಾಡಿ ಪ್ರಿಂಟ್ ತೆಗೆದು ಒಂದು ಸುಕ್ಕೂ ಬೀಳದಂತೆ ಸುತ್ತಿದವಳೂ ಅವಳೇ. ಓವನ್ನಿನ ಬಾಗಿಲು ತೆಗೆಯುವ ಕೆಲಸ ಮಾತ್ರ ಅವ್ವನದು. ಅದನ್ನು ಅವ್ವ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

"ಅಕ್ಕಾ, ಪ್ರಿಂಟಿನ್ಯಾಗ ಅಜ್ಜ ಮಾಸಿದಂಗ ಕಂಡನಲ್ಲ?" ಎಂದ ಶಿವ್ಯಾ.

ಕಾಗದದ ಮೇಲೆ ಯಾವಾಗಲೂ ಹಾಗೇ ಕಾಣುತ್ತದೆ ಎಂದು ರೇಣುಕಾ ಪಾಠ ಶುರು ಮಾಡಿದಳು. ಬಿಸಿ ತಗುಲಿದಾಗ ಶಾಯಿ ಆವಿಯಾಗಿ ಮಗ್ ಮೇಲೆ ಬಳಿದ ಪದರದೊಳಗೆ ಇಳಿಯುತ್ತದೆ. ಆಮೇಲೆ ನೋಡು ಬಣ್ಣ ಹ್ಯಾಗೆ ಎದ್ದು ಬರುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಹೀಗೆ ಹೇಳುವಾಗ ಅವಳ ಒಂದು ಕೈ ಸೊಂಟದ ಮೇಲಿತ್ತು.

ಅಜ್ಜ ಎಂದರೆ ಅಮೋಘಿ ಅಜ್ಜ. ಅವ್ವನ ಅಪ್ಪ. ಘೋಣಸಗಿಯಲ್ಲಿ ಕುರಿ ಕಾಯುತ್ತಾನೆ. ಮೊಮ್ಮಗಳು ತನ್ನನ್ನು ಚಹಾ ಕುಡಿಯುವ ಮಗ್ ಮೇಲೆ ಹಾಕುತ್ತಾಳೆ ಎಂದು ಅವನು ಊರೆಲ್ಲ ಸಾರಿಬಿಟ್ಟಿದ್ದ. ಜೊತೆಯ ಕುರಿಗಾರರು, ಚಹಾದಂಗಡಿಯವರು, ಎಲ್ಲರೂ ಅದನ್ನು ನೋಡಲು ಕಾದಿದ್ದರು. ಇವತ್ತು ಅಜ್ಜ ಬಂದು ಸಂಜೆಯ ಬಸ್ಸಿಗೆ ಹೊರಡುವವನು. ಮಗ್ ಇಲ್ಲದೆ ಹೋದರೆ ಅಲ್ಲಿ ಅವನಿಗೆ ನಗೆಪಾಟಲು.

ಫೋಟೋ ತೆಗೆದದ್ದು ರಜೆಯಲ್ಲಿ, ಅಜ್ಜನ ಮನೆಯ ಅಂಗಳದಲ್ಲಿ. ಅವತ್ತು ಅಜ್ಜ ಒಗೆದ ಬಿಳಿ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು, ಬಿಳಿ ರುಮಾಲು ಸುತ್ತಿ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಬಂದು ನಿಂತಿದ್ದ. ಕಂಬಳಿ ಹಳೆಯದಾಗಿ ಕಾಣುತ್ತದೆ, ತೆಗೆದಿಡು ಎಂದು ರೇಣುಕಾ ಅಪ್ಪಣೆ ಕೊಟ್ಟಳು.

"ಕಂಬಳಿ ಬಿಟ್ಟು ಹ್ಯಾಂಗ ನಿಂದರಲೇವ್ವಾ?" ಎಂದು ಅಜ್ಜ ಕೇಳಿದ್ದ.

ಸುಮ್ಮನೆ ನೆಟ್ಟಗೆ ನಿಂತರಾಯಿತು ಎಂದಿದ್ದಳು. ಅಜ್ಜ ಕಂಬಳಿಯನ್ನು ಹೊರಸಿನ ಮೇಲಿಟ್ಟ, ಕೋಲನ್ನು ಗೋಡೆಗೆ ಒರಗಿಸಿದ. ಅವಳು ಗದ್ದ ಮೇಲೆ, ಕಣ್ಣು ಇಲ್ಲಿ, ನಗು ಎಂದು ಹೇಳಿದ್ದೆಲ್ಲವನ್ನೂ ಮಾಡಿದ. ಮನೆಗೆ ಬಂದ ಮೇಲೆ ಅವಳು ಫೋಟೋದಲ್ಲಿದ್ದ ಕುರಿದೊಡ್ಡಿ, ಮೇವಿನ ರಾಶಿ, ಒಣಗಲು ಹಾಕಿದ ಚೀಲಗಳನ್ನೆಲ್ಲ ಫೋನಿನಲ್ಲೇ ಒರೆಸಿ ಹಾಕಿದಳು. ಅಜ್ಜ ಒಬ್ಬನೇ ಉಳಿದ. ನೀಟಾಗಿ, ದೊಡ್ಡ ಸ್ಟುಡಿಯೋದಲ್ಲಿ ತೆಗೆಸಿದ ಹಾಗೆ.

ಓವನ್ ಟಿಣ್ ಎಂದಿತು.

ಅವ್ವ ದಪ್ಪ ಗ್ಲೌಸ್ ಹಾಕಿಕೊಂಡು ಮಗ್ ಹೊರಗೆ ತೆಗೆದಳು. ಪಟ್ಟಿ ಬಿಚ್ಚಿದಳು, ಟೇಪು ಕಿತ್ತಳು, ಕಾಗದದ ಒಂದು ಮೂಲೆ ಹಿಡಿದು ಸರ್ರನೆ ಎಳೆದಳು. ಮೂವರೂ ಬಗ್ಗಿ ನೋಡಿದರು.

ಮಗ್ ಮೇಲೆ ಅಜ್ಜನ ಮುಖ ಇತ್ತು. ಬಣ್ಣವೇನೋ ಚೆನ್ನಾಗಿಯೇ ಬಂದಿತ್ತು, ಮೀಸೆಯ ಒಳಗಿನ ನಾಲ್ಕು ಕರಿ ಕೂದಲು ಕೂಡ ಕಾಣುತ್ತಿದ್ದವು. ಮುಖದ ಕೆಳಗೆ ಸ್ವಲ್ಪ ದೂರದಲ್ಲಿ ಎರಡು ಕೈ ತೇಲುತ್ತಿದ್ದವು. ಅದಕ್ಕೂ ಕೆಳಗೆ ಎರಡು ಪಾದ. ನಡುವೆ ಅಲ್ಲೊಂದು ಇಲ್ಲೊಂದು ಬೂದು ಗೆರೆ ಬಿಟ್ಟರೆ ಏನೂ ಇರಲಿಲ್ಲ. ರುಮಾಲು, ಅಂಗಿ, ಧೋತರ ಎಲ್ಲ ಮಾಯ.

"ಯವ್ವಾ," ಎಂದ ಶಿವ್ಯಾ, "ಅಜ್ಜನ ಹೊಟ್ಟಿ ಎಲ್ಲಿ ಹೋತು?"

ಹಾಗೆಂದವನೇ ನೆಲದ ಮೇಲೆ ಬಿದ್ದು ಹೊರಳಾಡಿ ನಗತೊಡಗಿದ. ಅವ್ವನಿಗೂ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ರೇಣುಕಾಳ ಕಿವಿ ಮಾತ್ರ ಬಿಸಿಯಾದವು. ಪ್ರಿಂಟರಿನಲ್ಲಿ ಬಿಳಿ ಶಾಯಿ ಎಂಬುದೇ ಇರುವುದಿಲ್ಲ. ಬಿಳಿ ಇದ್ದ ಕಡೆ ಶಾಯಿ ಬೀಳುವುದಿಲ್ಲ, ಮಗ್‌ನ ಬಿಳಿಯೇ ಕಾಣುತ್ತದೆ. ಇದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೊನ್ನೆ ತಾನೇ ಪಕ್ಕದ ಮನೆಯ ಅನುರಾಧಾ ಆಂಟಿಗೆ ಇದನ್ನೇ ಉದ್ದಕ್ಕೆ ಹೇಳಿ ಬಂದಿದ್ದಳು. ಅಜ್ಜ ಮೈತುಂಬ ಬಿಳಿಯದೇ ತೊಟ್ಟಿದ್ದ, ಅವನ ಹಿಂದಿನದನ್ನೆಲ್ಲ ತಾನೇ ಒರೆಸಿ ಬಿಳಿ ಮಾಡಿದ್ದೆ ಎಂಬುದು ಮಾತ್ರ ಅವಳ ತಲೆಗೆ ಹೊಳೆದಿರಲಿಲ್ಲ.

ಬಹಳ ಹೊತ್ತು ಮುಖ ಸಣ್ಣ ಮಾಡಿಕೊಂಡು ಕೂರುವ ಹುಡುಗಿಯಲ್ಲ ಅವಳು. ಫೋನು ಎತ್ತಿಕೊಂಡಳು. ಅಜ್ಜನ ಹಿಂದೆ ಏನಾದರೂ ಬಣ್ಣದ್ದು ಹಾಕಿದರಾಯಿತು. ಗೋಲಗುಮ್ಮಟ ಹಾಕಿದಳು. ಅಜ್ಜ ಟೂರಿಗೆ ಬಂದವನಂತೆ ಕಂಡ. ಸಮುದ್ರ ಹಾಕಿದಳು. ಈಜು ಬಾರದ ಅಜ್ಜ ನೀರಿನ ಮೇಲೆ ನಿಂತ. ಗುಲಾಬಿ ತೋಟ ಹಾಕಿದಾಗ ಶಿವ್ಯಾ ಮತ್ತೆ ಬಿದ್ದು ಹೊರಳಾಡಿದ.

"ಇನ್ನೊಂದ ಮಗ್ ಉಳದೈತಿ," ಎಂದಳು ಅವ್ವ. "ಹೊಸಾವು ಬರೂದು ಮುಂದಿನ ವಾರ. ವಿಚಾರ ಮಾಡಿ ಮಾಡು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ರೇಣುಕಾ ಮಗ್ ಅನ್ನು ಟಿವಿಯ ಹಿಂದೆ ತೂರಿಸಿದಳು.

ಅಜ್ಜ ಕಾಲು ತೊಳೆದುಕೊಂಡು ಒಳಗೆ ಬಂದ. ಇವತ್ತೂ ಮೈತುಂಬ ಬಿಳಿಯದೇ ತೊಟ್ಟಿದ್ದ. ಶೇಂಗಾದ ಗಂಟನ್ನು ಅವ್ವನ ಕೈಗೆ ಕೊಟ್ಟು, ಕಂಬಳಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಮಳೆ ಹೇಗೆ, ಕುರಿ ಹೇಗೆ ಎಂದು ಅವ್ವ ವಿಚಾರಿಸಿದಳು. ಮಾತು ಹೀಗೇ ಸಾಗಿದ್ದರೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ಆದರೆ ಮನೆಯಲ್ಲಿ ಶಿವ್ಯಾ ಇದ್ದನಲ್ಲ.

"ಅಜ್ಜಾ, ನಿನಗ ಹೊಟ್ಟೀನ ಇಲ್ಲ," ಎಂದುಬಿಟ್ಟ. ಎಂದವನೇ ಓಡಿಹೋಗಿ ಟಿವಿಯ ಹಿಂದಿನಿಂದ ಮಗ್ ತಂದು ಅಜ್ಜನ ಕೈಯಲ್ಲಿಟ್ಟ.

ಈಗ ಅಜ್ಜ ನಗುತ್ತಾನೆ ಎಂದು ರೇಣುಕಾ ಅಂದುಕೊಂಡಳು. ಇಲ್ಲವೇ ಬೈಯುತ್ತಾನೆ. ಅಜ್ಜ ಎರಡನ್ನೂ ಮಾಡಲಿಲ್ಲ. ಮಗ್ ಅನ್ನು ಬೆಳಕಿಗೆ ಹಿಡಿದ. ಮೆಲ್ಲಗೆ ಸುತ್ತ ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಆ ಬಿಳಿ ಜಾಗವನ್ನು ಒಮ್ಮೆ ಸವರಿದ.

"ಅವತ್ತ ಕಂಬಳಿ ತಗದಿಟ್ಟು ನಿಂತಾಗ ನನಗೂ ಹಿಂಗ ಅನಿಸಿತ್ತ ನೋಡವ್ವಾ," ಎಂದ. "ಬರೇ ಮಾರಿ, ಕೈ. ನಡುವ ನಾನ ಇಲ್ಲ ಅನ್ನೂ ಹಂಗ."

ಅಜ್ಜನ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೇಳಿದವನು ಮಗ್ ಕೆಳಗಿಟ್ಟು, ಮರಿ ಹಾಕಿದ ಕುರಿಯ ಸುದ್ದಿಯನ್ನು ಅವ್ವನಿಗೆ ಮುಂದುವರಿಸಿದ.

ರೇಣುಕಾ ಮಗ್ ಎತ್ತಿಕೊಂಡು ಆ ಬಿಳಿ ಜಾಗ ನೋಡುತ್ತ ಕುಳಿತಳು. ಅಜ್ಜ ಬೈದಿದ್ದರೇ ಚೆನ್ನಾಗಿತ್ತು. ಅವತ್ತು ಅಂಗಳದಲ್ಲಿ ಅಜ್ಜನ ಕೈಗಳಿಗೆ ಎಲ್ಲಿರಬೇಕೆಂದೇ ತಿಳಿದಿರಲಿಲ್ಲ. ಒಮ್ಮೆ ಹಿಂದೆ ಹೋಗುತ್ತಿದ್ದವು, ಒಮ್ಮೆ ಮುಂದೆ ಬರುತ್ತಿದ್ದವು. ಅದನ್ನು ಅವಳು ಕಣ್ಣಾರೆ ನೋಡಿದ್ದಳು. ಅಜ್ಜನಿಗೆ ನಾಚಿಕೆ ಎಂದುಕೊಂಡು ಜೋರಾಗಿ 'ಸ್ಮೈಲ್' ಎಂದಿದ್ದಳು.

ಅವಳು ಎದ್ದು ಬಂದು ಅಜ್ಜನ ಮುಂದೆ ನಿಂತಳು.

"ಅಜ್ಜಾ, ಇನ್ನೊಂದ ಫೋಟೋ ತಗೀತೇನಿ. ಹ್ಯಾಂಗ ನಿಂದರ್ತಿ ಅಂತ ಈ ಸರತಿ ನೀನ ಹೇಳು."

ಇಂಥ ಪ್ರಶ್ನೆಯನ್ನು ಅಜ್ಜನಿಗೆ ಈವರೆಗೆ ಯಾರೂ ಕೇಳಿದಂತಿರಲಿಲ್ಲ. ಅವನು ಮೀಸೆ ನೀವಿಕೊಂಡ. ಆಮೇಲೆ ಎದ್ದು, ಕೋಲು ತೆಗೆದುಕೊಂಡು, ಮೆಟ್ಟಿಲಿಳಿದು ಮನೆಯ ಮುಂದಿನ ರಸ್ತೆಗೆ ಹೋದ. ರೇಣುಕಾ ಫೋನು ಹಿಡಿದು ಹಿಂದೆಯೇ ಓಡಿದಳು.

ಅಜ್ಜ ಕಂಬಳಿ ಕೊಡವಿ, ಉದ್ದಕ್ಕೆ ಮಡಿಸಿ ಹೆಗಲ ಮೇಲೆ ಹಾಕಿಕೊಂಡ. ಕೋಲನ್ನು ಹೆಗಲಿಗೆ ಅಡ್ಡ ಇಟ್ಟು ಎರಡೂ ಕೈ ಅದರ ಮೇಲೆ ಚಾಚಿದ. ಆ ಕೈಗಳಿಗೆ ತಮ್ಮ ಜಾಗ ಸಿಕ್ಕಿತು. ಆಮೇಲೆ ಅವನು ರೇಣುಕಾಗೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದು, ರಸ್ತೆಯ ಉದ್ದಕ್ಕೂ ದೂರ ನೋಡುತ್ತ ನಿಂತುಬಿಟ್ಟ.

'ಅಜ್ಜಾ, ಈ ಕಡೆ ನೋಡು' ಎಂಬ ಮಾತು ರೇಣುಕಾಳ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಅವಳು ನುಂಗಿದಳು. ಬಾಲ್ಕನಿಯಲ್ಲಿದ್ದ ಅವ್ವ ಸುಮ್ಮನಿರಲಿಲ್ಲ.

"ಯಪ್ಪಾ, ಬೆನ್ನ ಮಾಡಿ ಯಾರರ ಫೋಟೋ ತಗಸ್ಕೋತಾರೇನು? ಮಾರಿ ಇತ್ತಾಗ ಮಾಡು."

ಅಜ್ಜ ತಿರುಗಲಿಲ್ಲ. "ನಮ್ಮ ಮಂದಿ ನನ್ನ ನೋಡೂದು ಹಿಂಗ," ಎಂದ. "ನಾ ಮುಂದ ಹೊಂಟಿರ್ತೇನಿ, ಕುರಿ ಹಿಂದ, ಉಳದಾವ್ರು ಅದರ ಹಿಂದ. ಯಾರಿಗೆ ತೋರಿಸಿದ್ರೂ ಇಂವ ಅಮೋಘಿ ಅಂತಾರ."

ರೇಣುಕಾ ಫೋಟೋ ತೆಗೆದಳು. ಆಗಲೇ ಯಾರದೋ ಸ್ಕೂಟರು ಪಕ್ಕದಲ್ಲಿ ಹಾದುಹೋಗಿ ಅದೂ ಫೋಟೋದೊಳಗೆ ಸೇರಿಕೊಂಡಿತು. ಅದನ್ನು ಒರೆಸಲು ಅವಳ ಬೆರಳು ಫೋನಿನ ಮೇಲೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಸ್ಕೂಟರು ಇರಲೋ ಬೇಡವೋ ಎಂದು ಅವಳು ಅಜ್ಜನನ್ನೇ ಕೇಳಿದಳು.

"ಇರಲಿ ಬಿಡು," ಎಂದ ಅಜ್ಜ. "ಹಾದಿ ಅಂದ ಮ್ಯಾಲೆ ಗಾಡಿ ಇರ್ತಾವ."

ಉಳಿದಿದ್ದ ಆ ಒಂದು ಮಗ್ ಓವನ್ನಿಗೆ ಹೋಯಿತು. ಈ ಸಲ ಕಟ್ಟೆಯ ಮುಂದೆ ಅಜ್ಜನೂ ಕುಳಿತ. ಓವನ್ ಮತ್ತೆ ಟಿಣ್ ಎಂದಿತು. ಅವ್ವ ಕಾಗದ ಎಳೆದಳು.

ಬೂದು ಬಣ್ಣದ ರಸ್ತೆ. ಅದರ ಮೇಲೆ ಎಡಗಡೆ ಚೂರು ಬಾಗಿದ ಹೆಗಲು, ಕಪ್ಪನೆಯ ಕಂಬಳಿ, ಉದ್ದ ಕೋಲು, ಕೋಲಿನ ಮೇಲೆ ಚಾಚಿದ ಕೈ. ಅವುಗಳ ನಡುವೆ ರುಮಾಲು, ಅಂಗಿ, ಧೋತರ ಬೆಳ್ಳಗೆ ಹೊಳೆಯುತ್ತಿದ್ದವು. ಆ ಬಿಳಿ ಜಾಗಕ್ಕೆ ಈಗಲೂ ಒಂದು ಹನಿ ಶಾಯಿ ಬಿದ್ದಿರಲಿಲ್ಲ. ಆದರೂ ಅಲ್ಲಿ ಅಜ್ಜ ಪೂರ್ತಿ ಇದ್ದ. ರೇಣುಕಾ ಮಗ್ ಆರುವುದನ್ನೂ ಕಾಯದೆ ಮುಟ್ಟಲು ಹೋಗಿ ಅವ್ವನ ಕೈಲಿ ಬೈಸಿಕೊಂಡಳು.

ಅಜ್ಜ ಬಾಯಿ ತುಂಬ ನಕ್ಕ. ತನ್ನ ಬೆನ್ನನ್ನು ಅವನೂ ಇವತ್ತೇ ಮೊದಲು ನೋಡುತ್ತಿದ್ದನಂತೆ. ಹೊಟ್ಟೆ ಇಲ್ಲದ ಅಜ್ಜನ ಮಗ್ ತನಗೇ ಬೇಕು ಎಂದು ಶಿವ್ಯಾ ಹಟ ಹಿಡಿದ. ಅದು ಅವನಿಗೇ ಸಿಕ್ಕಿತು.

ಸಂಜೆ ಎಲ್ಲರೂ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋದರು. ಬಸ್ಸು ಇನ್ನೂ ಬಂದಿರಲಿಲ್ಲ. ಅಜ್ಜ ಎಲೆ ಅಡಿಕೆ ತರುತ್ತೇನೆ ಎಂದು ಹೋದವನು ಗದ್ದಲದಲ್ಲಿ ಸೇರಿಹೋದ. ಅವನು ಅತ್ತ ಹೋಗುವುದಕ್ಕೂ ಬಸ್ಸು ಇತ್ತ ಬರುವುದಕ್ಕೂ ಸರಿಹೋಯಿತು. ಅವ್ವ ಕಾಲ ಬೆರಳ ಮೇಲೆ ನಿಂತು ನೋಡಿದಳು. ಟಿಕೋಟಾ, ಬಬಲೇಶ್ವರ, ನಿಡೋಣಿ ಕಡೆಗೆ ಹೋಗುವ ಮಂದಿ ತುಂಬಿದ್ದರು. ಎತ್ತ ನೋಡಿದರೂ ಬಿಳಿ ಧೋತರ, ಬಿಳಿ ರುಮಾಲು.

"ಎಲ್ಲಿ ಹ್ವಾದಾ ನಿಮ್ಮಜ್ಜ?" ಎಂದು ಅವ್ವ ಗಾಬರಿಯಾದಳು.

"ಅಲ್ಲಿ ಅದಾನ ನೋಡು," ಎಂದಳು ರೇಣುಕಾ.

ಅವಳಿಗೆ ಕಂಡದ್ದು ಒಂದು ಬೆನ್ನು. ಎಡಗಡೆ ಚೂರು ಬಾಗಿದ ಹೆಗಲು, ಅದರ ಮೇಲಿನ ಕಂಬಳಿ. ಅಂಥ ಕಂಬಳಿ ಅಲ್ಲಿ ಇನ್ನೂ ಕೆಲವರ ಹೆಗಲ ಮೇಲಿದ್ದವು. ಆದರೆ ಅಜ್ಜ ಯಾರು ಎಂಬುದರಲ್ಲಿ ಅವಳಿಗೆ ಅನುಮಾನವೇ ಬರಲಿಲ್ಲ. ಮಂದಿಯ ನಡುವೆ ನುಸುಳಿ ಓಡಿದಳು. ಕೂಗಲಿಲ್ಲ. ಹಿಂದಿನಿಂದ ಹೋಗಿ ಕಂಬಳಿಯ ಅಂಚನ್ನು ಹಿಡಿದುಕೊಂಡಳು.

ಅಂಗಡಿಯ ಮುಂದೆ ಎಲೆ ಒರೆಸುತ್ತಿದ್ದ ಅಜ್ಜ ತಲೆ ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ.

"ಬಸ್ ಬಂತೇನು ರೇಣವ್ವಾ?" ಎಂದು ಕೇಳಿದ.

ಮುಖ ನೋಡದೆ ಅಜ್ಜನನ್ನು ಗುರುತು ಹಿಡಿಯಲು ರೇಣುಕಾ ಕಲಿತದ್ದು ಇವತ್ತು. ಅಜ್ಜನಿಗೆ ಅವಳ ಹೆಜ್ಜೆ, ಅವಳ ಕೈ ಯಾವಾಗಿನಿಂದ ಗೊತ್ತಿತ್ತೋ.

"ಬಂತಜ್ಜಾ," ಎಂದಳು. ಕಂಬಳಿಯ ಅಂಚು ಬಿಡದೆ ಬಸ್ಸಿನವರೆಗೂ ಅವನ ಹಿಂದೆಯೇ ನಡೆದಳು.