ಕೆಂಪಿಯ ಗಿಣ್ಣು

"ಮೋರಿಗೆ ಸುರಿದ್ಬಿಟ್ಯಾ? ಗಿಣ್ಣಾಲನ್ನ ಮೋರಿಗೆ ಸುರಿಯಕ್ಕೆ ಕೈ ಎಂಗೆ ಬಂತೋ ನಿಂಗೆ?"

ಪಿಳ್ಳಮ್ಮಜ್ಜಿಯ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಕೆಂಪಿ ಹಸುವೂ ಕಿವಿ ನಿಮಿರಿಸಿತು. ಯಮುನಾ ನಾಲ್ಕು ವರ್ಷದ ತಮ್ಮ ಲಿಖಿತ್‌ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಜ್ಜಿಯ ತಮ್ಮ ರಾಮಾಂಜಿ ತಾತ ಸಗಣಿ ಬುಟ್ಟಿ ಕುಕ್ಕಿದರು. "ಇನ್ನೇನ್ ಮಾಡ್ಲಿ ಅಕ್ಕಾ? ಓದ್ಸಲ ಎದುರಿನ ಅಪಾರ್ಟ್‌ಮೆಂಟಿಗೆ ಪ್ರೀತಿಯಿಂದ ಕೊಟ್ಟೆ. ಕಾಯ್ಸಿದ್ರೆ ಒಡೆದೋಯ್ತು, ಕೆಟ್ಟಾಲು ಕೊಟ್ಟವ್ನೆ ಅಂತ ಗ್ರೂಪಲ್ಲಿ ಫೋಟೋ ಹಾಕಿದ್ರು. ಈಗ ಗಿಣ್ಣು ಯಾರಿಗ್ ಬೇಕು?"

"ಈ ಮಗೀಗೆ ಬೇಕಿತ್ತು! ತಿನ್ಸಕ್ಕೆ ಅಂತ್ಲೇ ಮಾರತ್ತಹಳ್ಳಿಯಿಂದ ಕರ್ಕೊಂಡ್ ಬಂದೆ!"

ಬಸ್ಸಿನಲ್ಲಿ ಬರುವಾಗ ಅಜ್ಜಿ ಗಿಣ್ಣಿನ ಕತೆಯನ್ನೇ ಹೇಳಿದ್ದಳು. ಕರು ಹಾಕಿದ ಹಸುವಿನ ಮೊದಲ ಹಾಲು ಗಿಣ್ಣು. ಈ ಗಾಜಿನ ಆಫೀಸುಗಳ ಜಾಗದಲ್ಲೆಲ್ಲ ರಾಗಿ ಹೊಲ ಇದ್ದಾಗ, ಲಂಗ ಎತ್ತಿ ಕಟ್ಟಿ, ಚೊಂಬು ಹಿಡಿದು ಮನೆಮನೆಗೂ ಹಂಚುತ್ತಿದ್ದಳಂತೆ. ಯಾರೂ ಬರಿ ಚೊಂಬು ವಾಪಸ್ ಕೊಡುತ್ತಿರಲಿಲ್ಲ. ಒಳಗೊಂದು ಚೂರು ಬೆಲ್ಲ ಇರುತ್ತಿತ್ತು. ಅರ್ಧ ಬೆಲ್ಲ ದಾರಿಯಲ್ಲೇ ಖಾಲಿ!

"ಸಂಜೆ ಕರೆಯೋದೂ ಗಿಣ್ಣೇ ಅಲ್ವಾ? ಕೂತ್ಕೊ," ಎಂದರು ತಾತ.

"ಮೋರಿಗೆ ಸುರಿಯೋ ಮನೇಲಿ ನಾನು ಕೂರಲ್ಲ!"

ಅಜ್ಜಿ ದಡದಡ ಗೇಟು ದಾಟಿ ಹೋಗಿಬಿಟ್ಟಳು. ಎಲೆಅಡಿಕೆ ಚೀಲ ಜಗುಲಿಯ ಮೇಲೇ ಉಳಿಯಿತು.

"ಬತ್ತಾಳೆ ಬುಡು," ಎಂದರು ತಾತ. "ರಸ್ತೆ ಸೇರೋದ್ರೊಳ್ಗೆ ಚೀಲ ನೆಪ್ಪಾಯ್ತದೆ. ಯಾವಾಗ್ಲೂ ಇದೇ ಕತೆ."

ಅಜ್ಜಿ ಬರಲಿಲ್ಲ.

"ಅಕ್ಕಾ, ಕರು ನನ್ನ ಬೆರಳು ಚೀಪ್ತಿದೆ! ನಾಲಿಗೆ ಸ್ಯಾಂಡ್‌ಪೇಪರ್ ಥರ ಇದೆ!" ಲಿಖಿತ್ ಕೇಕೆ ಹಾಕಿದ. ಯಮುನಾ ಗೇಟನ್ನೇ ನೋಡುತ್ತಿದ್ದಳು.

ಸಂಜೆ ಕರೆದ ಹಾಲು ಅರಿಶಿನ ಕದಡಿದ ಹಾಗೆ ಹಳದಿಯಾಗಿ, ಮಂದವಾಗಿತ್ತು. ತಾತ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿಕೊಟ್ಟರು. ಲಿಖಿತ್ ತಟ್ಟೆ ನೆಕ್ಕಿದ. ಆದರೂ ಒಂದು ಚೊಂಬು ಹಾಲು ಮಿಕ್ಕಿತು.

"ತಾತ, ಇದನ್ನ ಕೊಟ್ಟು ಬರ್ತೀನಿ."

"ಯಾರಿಗವ್ವಾ?"

ಯಮುನಾ ಹಿತ್ತಲಿನ ಕಡೆ ಕೈ ತೋರಿಸಿದಳು. ಅಲ್ಲಿ ತಾತನೇ ಕಟ್ಟಿಸಿದ ಬಾಡಿಗೆ ರೂಮುಗಳಿದ್ದವು. ಮೊದಲ ಬಾಗಿಲು ಗಾರ್ಮೆಂಟ್ಸಿಗೆ ಹೋಗುವ, ಕೊಪ್ಪಳ ಕಡೆಯ ಮರೆವ್ವನದು.

"ಅಯ್ಯ ನನ್ನವ್ವಾ, ಗಿಣ್ಣದ ಹಾಲು!" ಮರೆವ್ವ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದಳು. "ಊರು ಬಿಟ್ಟ ಮ್ಯಾಲೆ ನೋಡೇ ಇಲ್ಲ. ನಿಲ್ಲು, ಬರೇ ಚಂಬು ಒಯ್ಯಬಾರ್ದು."

ಯಮುನಾ ತಂದ ಚೊಂಬಿನೊಳಗೆ ತಾತ ಇಣುಕಿದರು. ತಳದಲ್ಲಿ ಬೆಲ್ಲದ ಚೂರು. ಟವೆಲಿನಿಂದ ಮುಖ ಒರೆಸಿಕೊಂಡರು.

ಅರ್ಧ ಬೆಲ್ಲ ಲಿಖಿತ್‌ನ ಬಾಯಿಗೆ ಹೋಯಿತು. ಉಳಿದರ್ಧ ಯಮುನಾ ಅಜ್ಜಿಯ ಚೀಲಕ್ಕೆ ಹಾಕಿದಳು.

ಕತ್ತಲಾಗುವಾಗ ಅಮ್ಮನ ಸ್ಕೂಟಿ ಬಂತು. "ಅಜ್ಜಿ ಆಗಲೇ ಮನೇಲಿದ್ದಾಳೆ ಕಣೆ, ಮುಖ ಊದಿಸ್ಕೊಂಡು. ನಡೀರಿ. ಆ ಚೀಲ ತಗೋ."

ಯಮುನಾ ಚೀಲ ಎತ್ತಿಕೊಂಡಳು. ತಾತನ ಮುಖ ನೋಡಿದಳು. ಮತ್ತೆ ಜಗುಲಿಯ ಮೇಲೆ, ಇದ್ದಲ್ಲೇ ಇಟ್ಟಳು.

"ಬೇಡಮ್ಮ. ಇದು ಇಲ್ಲೇ ಇರಲಿ."

ಹೊರಡುವಾಗ ಅವಳು ಗೇಟು ಹಾಕಲಿಲ್ಲ. ತಾತನೂ ಹಾಕಲಿಲ್ಲ.