ಎರಡನೇ ಬ್ರೇಕು

ಟೇಪು ಮುಟ್ಟದೆ ಅಳತೆ ಹೇಳುವ ಟೈಲರ್ ಈ ಭೂಮಂಡಲದಲ್ಲಿ ಒಬ್ಬನೇ ಇರುವುದು. ಆ ಒಬ್ಬ ನಾನು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲವೂ ನನ್ನ ತಲೆಯೊಳಗೆ ಕೂತುಬಿಟ್ಟಿರುತ್ತವೆ. ಒಮ್ಮೆ ಬಸ್ಸಿನ ಕಿಟಕಿಯಲ್ಲಿ ಕಂಡವನಿಗೆ ಕೋಟು ಹೊಲಿದಿಟ್ಟಿದ್ದೆ. ಅವನಿನ್ನೂ ಬಂದು ಒಯ್ದಿಲ್ಲ, ಅದು ಬೇರೆ ಮಾತು.

ಅಂಥ ನನ್ನ ಅಂಗಡಿಗೆ ಆಕೆ ಗಂಡಸರ ಕೋಟೊಂದನ್ನು ತೊಟ್ಟುಕೊಂಡೇ ಬಂದಳು. ಬೂದು ಬಣ್ಣ. ತೋಳಿನೊಳಗೆ ಬೆರಳುಗಳೇ ಕಾಣೆಯಾಗಿದ್ದವು.

“ತೋಳು ಮಾತ್ರ ಗಿಡ್ಡ ಮಾಡಿ. ಗೇರ್ ಹಾಕುವಾಗ ಸಿಕ್ಕಾಕ್ಕೊಳ್ಳುತ್ತೆ.”

“ಭುಜ ನಾಲ್ಕು ಬೆರಳು ಜಾಸ್ತಿ ಇದೆ ಮೇಡಂ. ಅದನ್ನೂ ಹಿಡಿದುಬಿಡ್ತೀನಿ.”

“ಭುಜ ಮುಟ್ಟಬೇಡಿ. ಕೋಟು ನಮ್ಮನೆಯವರದು.”

“ಅವರಿಗೆ ಹಾಕ್ಕೊಳ್ಳೋಕೆ ಬೇರೆ ಇದೆಯಾ?”

“ಅವರಿಲ್ಲ. ಎರಡು ವರ್ಷ ಆಯ್ತು.”

ಗಂಟೆ ಎಷ್ಟೆಂದು ಕೇಳಿದವರಿಗೆ ಉತ್ತರ ಹೇಳುವ ದನಿ. ಒಂದೂ ಬಡಾಯಿ ಕೊಚ್ಚದೆ ತೋಳಿಗೆ ಸೀಮೆಸುಣ್ಣದ ಗೆರೆ ಎಳೆದೆ. ನನ್ನ ಮಟ್ಟಿಗೆ ಅದು ಜೀವಮಾನದ ದಾಖಲೆ.

ಆಕೆ ಮೂಲೆಯ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು ಎಂದು ತಿಳಿದದ್ದೇ ತಡ, ಮಹಡಿಯಿಂದ ನಮ್ಮಕ್ಕ ಇಳಿದು ಬಂದಳು. “ಇವನಿಗೊಂದಿಷ್ಟು ಕಲಿಸಿಬಿಡಿ ಮೇಡಂ. ಇವನ ಭಾವ ಕೊಟ್ಟ ಕಾರು ಅಂಗಡಿ ಮುಂದೆ ನಿಂತೇ ಇದೆ. ಅದರೊಳಗೆ ಬೆಕ್ಕು ಮರಿ ಹಾಕಿದೆ!”

“ಕಾಲು ಆಡುತ್ತಾ?” ಆಕೆ ನನ್ನನ್ನು ಕೇಳಿದಳು.

“ಇಪ್ಪತ್ತು ವರ್ಷದಿಂದ ಮೆಷಿನ್ ತುಳೀತಿದೀನಿ. ಈ ಕಾಲಲ್ಲಿ ರೈಲು ಬೇಕಾದ್ರೂ ಓಡಿಸ್ತೀನಿ.”

ಆಕೆ ನಗಲಿಲ್ಲ. ನನ್ನ ಮಾತಿಗೆ ನಗದ ಮನುಷ್ಯರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಮರುದಿನವೇ ಸೇರಿಕೊಂಡೆ.

ಕಲಿಸುವ ಕಾರಿನಲ್ಲಿ ಆಕೆಯ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವನು ಎಡವಟ್ಟು ಮಾಡಿದರೆ ಕಲಿಸುವವರು ಒತ್ತಿ ಕಾಪಾಡಲಿ ಎಂದು. ಹೊಲಿಗೆ ಮೆಷಿನ್ನಿಗೂ ಕಾರಿಗೂ ಮಹಾ ವ್ಯತ್ಯಾಸವೇನಿಲ್ಲ ಎಂದು ನಾನು ಭಾಷಣ ಮಾಡುತ್ತಲೇ ಕ್ಲಚ್ಚಿನ ಕಾಲು ಫಕ್ಕನೆ ಎತ್ತಿ ಇನ್ನೊಂದು ಕಾಲು ತುಳಿದೆ. ಕಾರು ಕಪ್ಪೆಯಂತೆ ಹಾರಿತು. ನಿಲ್ಲಿಸಬೇಕಲ್ಲ! ಮೆಷಿನ್ ನಿಲ್ಲಿಸಲು ನಾವು ಚಕ್ರದ ಮೇಲೆ ಅಂಗೈ ಊರುತ್ತೇವೆ. ನಾನು ಸ್ಟೀರಿಂಗಿನ ಮೇಲೆ ಅಂಗೈ ಊರಿದೆ, ಬಲವಾಗಿ. ಅದು ಹಾರನ್ ಹೊಡೆಯಿತೇ ಹೊರತು ನಿಲ್ಲಲಿಲ್ಲ. ದೀಪದ ಕಂಬ ಎದುರಿಗೆ ಬಂತು. ಕಂಬವೇ ಬಂತು, ನಾನು ಹೋಗಲಿಲ್ಲ.

ಧಡ್!

ಆಕೆ ಕಿಟಕಿಯಾಚೆ ನೋಡುತ್ತಿದ್ದಳು. ಕಾಲು ಬ್ರೇಕಿನ ಪಕ್ಕದಲ್ಲೇ ಇತ್ತು, ಅಲುಗಿರಲಿಲ್ಲ.

“ಮೇಡಂ, ಬ್ರೇಕ್ ಒತ್ತಬಾರದಿತ್ತಾ?”

“ಒತ್ತಬೇಕು. ಕಾಲಿಗೆ ಅನ್ನಿಸ್ಲಿಲ್ಲ.” ಕಂಬದತ್ತ ನೋಡಿ ಹೇಳಿದಳು. “ಇದು ಎರಡನೇದು. ಮೂರನೇ ಸಲ ಹೀಗಾದ್ರೆ ನಾನು ಗಾಡಿ ಹತ್ತೋ ಹಾಗಿಲ್ಲ ಅಂತ ಓನರ್ ಹೇಳಿದಾರೆ. ಆಫೀಸಲ್ಲಿ ಫೋನ್ ಎತ್ತಿಕೊಂಡು ಕೂರಬೇಕು.”

“ನಿಮಗೆ ಹೆದರಿಕೆ ಆಗಲ್ವಾ?”

“ಆಗ್ತಿತ್ತು. ಹೇಗಿರ್ತಿತ್ತು ಅಂತ ಮರ್ತೋಗಿದೆ.”

ಅದು ನನಗೆ ಗೊತ್ತಿದ್ದ ಜಾಗ. ಸೂಜಿ ಚುಚ್ಚಿದ್ದು ಬಟ್ಟೆಯ ಮೇಲೆ ರಕ್ತ ಕಂಡಾಗಲೇ ನನಗೂ ತಿಳಿಯುತ್ತಿದ್ದುದು. ಬೆರಳಿಗೆ ಜೋಮು, ದಿನಕ್ಕೆ ಜೋಮು. ಇಷ್ಟೊಂದು ಬಡಾಯಿ ಕೊಚ್ಚಿದ್ದು ಆ ಮಂಕಿನೊಳಗೆ ಏನಾದರೂ ಸದ್ದಾಗಲಿ ಎಂದೇ ಇರಬೇಕು. ಆಕೆ ಸದ್ದನ್ನೂ ಮಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಂದಿನಿಂದ ನನಗೆ ಒಂದೇ ಹಟ. ಈಕೆಯನ್ನು ಆ ಫೋನಿನ ಮುಂದೆ ಕೂರಲು ಬಿಡಬಾರದು. ಆಕೆ ಬ್ರೇಕು ಒತ್ತುವುದಿಲ್ಲವೆಂದರೆ, ಒತ್ತುವ ಪ್ರಸಂಗವೇ ಬಾರದ ಹಾಗೆ ನಾನು ಓಡಿಸಬೇಕು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಇಸ್ತ್ರಿಪೆಟ್ಟಿಗೆಯನ್ನು ಕ್ಲಚ್ಚೆಂದುಕೊಂಡು ಎಡಗಾಲಿಗೆ ಪಾಠ ಹೇಳಿದೆ. ಅದು ತಣ್ಣಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕಿತ್ತು. ಇರಲಿ.

“ಕಾಲಿಗೇನಾಯ್ತು?”

“ಹುಲಿ ಅಡ್ಡ ಬಂತು ಮೇಡಂ.”

“ಇಸ್ತ್ರಿ ಆಕಾರದ ಹುಲಿನಾ?” ಎಂದಳು, ಮುಖ ಅಲ್ಲಾಡಿಸದೆ.

ತುಟಿಯ ಎಡ ಮೂಲೆ ಒಂದು ನೂಲಿನಷ್ಟು ಎದ್ದಿತ್ತು. ನನ್ನ ಕಣ್ಣಳತೆ ತಪ್ಪುವುದಿಲ್ಲ.

“ಅರ್ಧ ಬಿಡಿ,” ಎನ್ನುತ್ತಿದ್ದಳು ದಿನವೂ. “ಪೂರ್ತಿ ಬಿಡಬೇಡಿ, ಪೂರ್ತಿ ಒತ್ತಬೇಡಿ. ಮಧ್ಯದಲ್ಲಿ ಗಾಡಿ ಒಂಚೂರು ನಡುಗುತ್ತೆ. ಅಲ್ಲಿ ಹಿಡ್ಕೊಳ್ಳಿ.” ಹೊಸದಾಗಿ ಗಿಡ್ಡವಾದ ತೋಳಿನಾಚೆ ಆಕೆಯ ಬೆರಳುಗಳು ಆ ನಡುಕವನ್ನು ಗಾಳಿಯಲ್ಲಿ ತೋರಿಸುತ್ತಿದ್ದವು. ನಾನು ರಸ್ತೆ ನೋಡಬೇಕಿತ್ತು. ನೋಡುತ್ತಿದ್ದೆ ಎಂದೇ ಇಟ್ಟುಕೊಳ್ಳಿ.

ಕೊನೆಯ ಪಾಠ ನೀರಿನ ಟ್ಯಾಂಕಿನ ಏರಿನಲ್ಲಿ. ಗೋಡೆಯಂಥ ಏರು, ಇರುವೆಗಳೂ ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತವೆ. ಸಿಗ್ನಲ್ ಕೆಂಪಾಯಿತು. ಹಿಂದೆ, ನಮ್ಮ ಬಂಪರಿಗೆ ಮೂಗು ತಾಗಿಸುವಷ್ಟು ಹತ್ತಿರ, ಕನ್ನಡಿಗಳನ್ನು ಹೇರಿಕೊಂಡ ಟೆಂಪೋ ಬಂದು ನಿಂತಿತು.

ಹಸಿರು ಬಿತ್ತು. ಅರ್ಧ ಕ್ಲಚ್ಚು ಬಿಟ್ಟೆ. ಪಾದದ ಕೆಳಗೆ ಆ ನಡುಕ ಬಂತು. ಬ್ರೇಕಿನಿಂದ ಬಲಗಾಲು ತೆಗೆದೆ. ಕಾರು ಅಲ್ಲೇ, ಏರಿನ ಎದೆಯ ಮೇಲೆ, ಗುಂಡಿ ಹಾಕಿದಂತೆ ನಿಂತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ. ಆಕ್ಸಿಲರೇಟರ್ ಒತ್ತಿ ಕ್ಲಚ್ಚು ಪೂರ್ತಿ ಬಿಟ್ಟೆ, ಜಗತ್ತಿನ ಅತ್ಯುತ್ತಮ ಚಾಲಕನಂತೆ.

ಕಾರು ಒದರಿಕೊಂಡು ಆಫ್ ಆಯಿತು.

ತಪ್ಪು ಹುಡುಕಿ ಕೆಳಗೆ ನೋಡಿದೆ. ನನ್ನ ಕಾಲುಗಳು ಇರಬೇಕಾದಲ್ಲೇ ಇದ್ದವು. ಆಕೆಯ ಕಾಲು ಎರಡನೇ ಬ್ರೇಕಿನ ಮೇಲಿತ್ತು. ಬೆರಳುಗಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಳು.

“ಒಂದು ನೂಲೂ ಹಿಂದೆ ಹೋಗಿಲ್ಲ ಮೇಡಂ,” ಎಂದೆ.

“ಗೊತ್ತು.”

“ಮತ್ತೆ?”

“ಹಿಂದೆ ಅಷ್ಟು ಗಾಜು… ನಿಮಗೇನಾದ್ರೂ ಆದ್ರೆ ಅನ್ನಿಸ್ತು.” ಆಕೆ ತನ್ನ ಕೈ ಎತ್ತಿ, ಯಾರದೋ ಕೈ ಎಂಬಂತೆ ನೋಡಿದಳು. “ನೋಡಿ, ನಡುಗ್ತಿದೆ.”

“ಅಲ್ಲೇ ಹಿಡ್ಕೊಳ್ಳಿ,” ಎಂದೆ. ಹಾಗೆ ಹೇಳಿ, ಆಕೆ ಹಿಡಿದುಕೊಳ್ಳುವ ಮೊದಲೇ ನಾನು ಹಿಡಿದುಕೊಂಡೆ. ಜೋಮು ಹಿಡಿದ ನನ್ನ ಬೆರಳುಗಳಿಗೆ ಅದು ಸ್ಪಷ್ಟವಾಗಿ ತಿಳಿಯಿತು. ತಣ್ಣಗಿನ ಕೈ, ಒಂಚೂರು ಬೆವರು, ಒಳಗೊಂದು ನಡುಕ.

ಟೆಂಪೋದವನು ಕಿಟಕಿಯಿಂದ ತಲೆ ಹಾಕಿದ. “ಏನ್ ಸ್ವಾಮಿ, ಸಂಸಾರ ಇಲ್ಲೇ ಹೂಡ್ತೀರಾ, ಮನೆಗೆ ಹೋಗ್ತೀರಾ?”

“ಗಾಡಿ ಸ್ಟಾರ್ಟ್ ಮಾಡ್ರೀ,” ಎಂದಳು ಆಕೆ. ಬೈಗುಳದ ದನಿ. ಎಷ್ಟು ಚೆನ್ನಾಗಿತ್ತು! ಕೈ ಮಾತ್ರ ತಕ್ಷಣಕ್ಕೆ ಹಿಂದೆಗೆಯಲಿಲ್ಲ.

ಸಂಜೆ ಅಂಗಡಿಗೆ ಬಂದಳು. ಕೋಟು ಕಳಚಿ, ಕೊರಳಪಟ್ಟಿಯನ್ನು ಒಮ್ಮೆ ಸವರಿ, ಕತ್ತರಿಸುವ ಮೇಜಿನ ಮೇಲಿಟ್ಟಳು.

“ಭುಜಾನೂ ಹಿಡೀರಿ. ನನ್ನ ಅಳತೆಗೆ.”

“ಅವಸರ ಇಲ್ಲ. ಹಾಗೇ ಇರ್ಲಿ ಅಂದ್ರೆ ಹಾಗೇ ಇರ್ಲಿ.”

“ಕೋಟು ಅವರದೇ. ಭುಜ ನಂದು,” ಎಂದು ಬೆನ್ನು ತಿರುಗಿಸಿ ನಿಂತಳು. “ನೀವು ಕಣ್ಣಲ್ಲೇ ಅಳೀತೀರಂತಲ್ಲ. ಅಳೀರಿ.”

ನೋಡಿದೆ. ಬಾಯಿಗೆ ಬಂದ ಸುಳ್ಳುಗಳೆಲ್ಲ ಒಂದೊಂದಾಗಿ ವಾಪಸು ಹೋದವು.

“ಇದಕ್ಕೆ ಕಣ್ಣು ಸಾಲಲ್ಲ ರೀ.”

ಆಕೆ ತಿರುಗಲಿಲ್ಲ. ಕಿವಿಯ ತುದಿ ಕೆಂಪಾದದ್ದು ಮಾತ್ರ ಕಂಡಿತು. “ಹಾಗಾದ್ರೆ ಟೇಪ್ ತನ್ನಿ,” ಎಂದಳು ಮೆತ್ತಗೆ.

ಡ್ರಾಯರ್‌ನಲ್ಲಿಲ್ಲ. ಮೆಷಿನ್ ಕೆಳಗಿಲ್ಲ. ಕೊನೆಗೆ ಮಹಡಿಯ ಕಡೆ ಮುಖ ಮಾಡಿ ಕೂಗಿದೆ, “ಅಕ್ಕಾ, ನನ್ನ ಟೇಪ್ ಎಲ್ಲಿ?”

“ಟೇಪಾ?” ಮೇಲಿಂದ ಬಂತು ಅಕ್ಕನ ದನಿ. “ನಿನಗ್ಯಾಕೋ ಟೇಪು?”

ಬೆನ್ನು ತಿರುಗಿಸಿಕೊಂಡೇ ಆಕೆ ನಗತೊಡಗಿದಳು. ನಾಲ್ಕು ಬೀದಿಗೆ ಕೇಳಿಸಿತು ಆ ನಗು. ಈ ಒಂದು ಮಾತನ್ನು ನೀವು ನಂಬಲೇಬೇಕು.