ಹಾಡು ಬರ್ತಾವ, ಕೆಲಸ ಬರೂದಿಲ್ಲ

ಹೆಣ್ಣು ನೋಡಲು ಬಂದ ಗಂಡಿಗೆ ಮೊದಲು ಕಂಡದ್ದು ಹೆಣ್ಣಿನ ಮುಖವಲ್ಲ. ಕಂಪ್ಯೂಟರ್ ಮೇಜಿನ ಕೆಳಗಿನಿಂದ ಹೊರಚಾಚಿಕೊಂಡಿದ್ದ ಎರಡು ಪಾದಗಳು.

ಇದರಲ್ಲಿ ಸುಮೇಧಾಳ ತಪ್ಪೇನೂ ಇರಲಿಲ್ಲ. ಊಟದ ಹೊತ್ತಿಗೆ ಬರುತ್ತೇವೆಂದ ಸಿರುಗುಪ್ಪದವರು ತಿಂಡಿಯ ಹೊತ್ತಿಗೇ ಬಳ್ಳಾರಿಗೆ ಬಂದಿಳಿದರೆ ಅವಳೇನು ಮಾಡಬೇಕು? ಅಜ್ಜಿಯ ಹಾಡಿನ ವಿಡಿಯೊ ಅರ್ಧಕ್ಕೇ ನಿಂತು, ಪರದೆಯ ಮೇಲೆ ಚಕ್ರ ತಿರುಗತೊಡಗಿತ್ತು. ಹಾರ್ಡ್ ಡಿಸ್ಕಿನ ವೈರು ಸಡಿಲವಾಗಿದೆಯೇನೋ ಎಂದು ಅವಳು ರೇಷ್ಮೆ ಸೀರೆಯಲ್ಲೇ ಮೇಜಿನಡಿ ನುಗ್ಗಿದ್ದಳು.

"ಸೇವ್ ಮಾಡೀರೇನ್ರಿ?"

ತಲೆಯ ಮೇಲಿಂದ ಬಂದ ಗಂಡು ಧ್ವನಿ ಕೇಳಿ ಗಡಬಡಿಸಿ ಎದ್ದಳು. ಮೇಜಿನ ಅಂಚು ತಲೆಗೆ ಸರಿಯಾಗಿ ಬಡಿಯಿತು.

ಕಾಲು ತೊಳೆಯಲು ಹಿತ್ತಲಿಗೆ ಹೊರಟಿದ್ದ ಪವಮಾನ ಬಾಗಿಲಲ್ಲೇ ನಿಂತಿದ್ದ. ಕುರುಗೋಡಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮೇಷ್ಟ್ರು. ಎದುರಿಗೆ ಯಾರಿದ್ದರೂ ವಿದ್ಯಾರ್ಥಿಯೇ ಎಂದುಕೊಳ್ಳುವ ಚಾಳಿ ಆಗಲೇ ಅಂಟಿತ್ತು.

"ಹ್ಯಾಂಗ್ ಆಗೂಕಿಂತ ಮದ್ಲು ಸೇವ್ ಮಾಡಿದ್ರ ಅಂಜಬ್ಯಾಡ್ರಿ. ಆಫ್ ಮಾಡಿ ಆನ್ ಮಾಡ್ರಿ."

"ಮಾಡೀನಿ," ಎಂದಳು ತಲೆ ಸವರಿಕೊಳ್ಳುತ್ತಾ. "ಆದ್ರೂ ಅಂಜಿಕಿ ಬರ್ತದ."

ಅವನು ನಕ್ಕ. ಅವನ ಕಣ್ಣು ಮೇಜಿನ ಮೇಲಿದ್ದ ಮೈಕಿನ ಮೇಲೆ ಬಿತ್ತು. ಅದಕ್ಕೆ ಉಣ್ಣೆಯ ಬಟ್ಟೆಯ ತುಂಡು ಸುತ್ತಿ ದಾರ ಕಟ್ಟಿತ್ತು.

"ಇದೇನ್ರಿ, ಮೈಕಿಗೆ ಧಾಬಳಿ?"

"ನಮ್ಮಜ್ಜಿ ಮಡಿಯೊಳಗಷ್ಟೇ ಹಾಡ್ತಾಳ. ಮೈಕ್ ಸೀರಿಗೆ ತಾಗಿದ್ರ ಮೈಲಿಗಿ ಆಗ್ತದಂತ. ಧಾಬಳಿಗೆ ಮೈಲಿಗಿ ಇಲ್ಲಲ್ಲ..."

ಪವಮಾನ ಗೊಳ್ಳನೆ ನಕ್ಕುಬಿಟ್ಟ. ಗೇಲಿಯ ನಗೆಯಲ್ಲ ಅದು, ಮೆಚ್ಚಿದ ನಗೆ. ಸುಮೇಧಾಳಿಗೆ ತಲೆಯ ನೋವು ಮರೆತೇ ಹೋಯಿತು. *ಈ ಮನುಷ್ಯನ ಮುಂದೆ ಇನ್ನೂ ನಾಲ್ಕು ಮಾತಾಡಬಹುದು* ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಒಪ್ಪಿಗೆಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾತುಕತೆ ಹೊರಗೆ ಪಡಸಾಲೆಯಲ್ಲಿ ನಡೆಯಿತು. ಸುಮೇಧಾ ಒಳಗೆ ಶಿರಾ ಕಲಕುತ್ತಿದ್ದಳು. ಹೊರಗೆ ಏನೇನು ಒಪ್ಪಿದರು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಪ್ಪ ವಾಸುದೇವರಾಯರು ನಿವೃತ್ತ ಗುಮಾಸ್ತರು, ಬೀಗರ ಮುಂದೆ 'ಇಲ್ಲ' ಎಂಬ ಪದವೇ ಬಾಯಿಗೆ ಬಾರದಷ್ಟು ಸಂಭಾವಿತರು.

ಆಮೇಲೆ ಶುರುವಾಯಿತು ಫೋನಿನ ಕಾಲ.

ಪ್ರೀತಿಯ ಮಾತೇ ಆಡಿದರು ಅಂದುಕೊಳ್ಳಬೇಡಿ. ಅವರು ಆಡಿದ್ದು ಹೆಚ್ಚಾಗಿ ಕಂಪ್ಯೂಟರಿನ ಮಾತು.

"ಆ ಹಳೆ ವಿಂಡೋಸ್ ಡಬ್ಬಿ ಬಿಟ್ಟು ಮ್ಯಾಕ್‌ಗೆ ಬರ್ರಿ," ಅನ್ನುತ್ತಿದ್ದ ಅವನು. "ನಮ್ಮಕ್ಕನ ಮಗನ ಜಾವಳದ ವಿಡಿಯೊ ನಾ ಅದ್ರಾಗೇ ಮಾಡೀನಿ. ಒಮ್ಮೆನೂ ನಿಂತಿಲ್ಲ."

"ನನ್ನ ಪ್ರಾಜೆಕ್ಟ್ ಅದ್ರಾಗ ತೆರೀತದೇನು?"

ಶಾಲೆಯಲ್ಲಿ ಕನ್ನಡ ಕಲಿಸಿ ಬಂದ ಮೇಲೆ ಸಿಕ್ಕ ಹೊತ್ತನ್ನೆಲ್ಲ ಅವಳು ಅಜ್ಜಿಯ ಹಾಡುಗಳಿಗೇ ಕೊಟ್ಟಿದ್ದಳು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಅಜ್ಜಿಯ ಕೆಮ್ಮು ತೆಗೆದು, ಉಸಿರು ಉಳಿಸಿ, ಪ್ರತಿ ಸಾಲಿಗೂ ಕೆಳಗೆ ಅಕ್ಷರ ಕೂಡಿಸಿ, ಯಾವ ಹಾಡು ಯಾರಿಂದ ಕಲಿತದ್ದೆಂದು ಬರೆದು... ಅಜ್ಜಿ ವಿಜಯಾಬಾಯಿಯ ದಮ್ಮು ಈಗ ಮೊದಲಿನಂತಿರಲಿಲ್ಲ. ಮತ್ತೊಮ್ಮೆ ಹಾಡಿಸುತ್ತೇನೆಂದರೆ ಆಗುವ ಮಾತಲ್ಲ.

ಪವಮಾನ ಪ್ರಾಮಾಣಿಕ. ಹಾಗಾಗಿಯೇ ಪೆಟ್ಟು ಜೋರಾಗಿ ಬಿತ್ತು.

"ರೆಕಾರ್ಡಿಂಗ್ ಎಲ್ಲಾ ತೆರೀತಾವ. ನೀವು ಕತ್ತರಿಸಿ ಜೋಡಿಸಿದ್ದು ಆ ಸಾಫ್ಟ್‌ವೇರ್ ಒಳಗಿನ ಲೆಕ್ಕ. ಅದು ಮ್ಯಾಕ್‌ನ್ಯಾಗ ನಡಿಯೂದಿಲ್ಲ. ಹಾಡು ಬರ್ತಾವ, ಕೆಲಸ ಬರೂದಿಲ್ಲ. ಮತ್ತ ಮದ್ಲಿಂದ ಮಾಡಿದ್ರಾತು ಬಿಡ್ರಿ."

*ಮಾಡಿದ್ರಾತು ಬಿಡ್ರಿ...*

"ನೋಡೋಣ್ರಿ," ಎಂದಳು ಸುಮೇಧಾ. ಅಪ್ಪನ ಮಗಳಲ್ಲವೆ, ಅವಳ ಬಾಯಿಗೂ 'ಇಲ್ಲ' ಬರಲಿಲ್ಲ. 'ನೋಡೋಣ' ಎಂದರೆ ಅರ್ಧ ಒಪ್ಪಿದಂತೆ ಎಂದು ಅವನು ತಿಳಿದುಕೊಂಡ.

ನಿಶ್ಚಿತಾರ್ಥದ ದಿನ ಸೀರೆ, ಹಣ್ಣು, ಕೊಬ್ಬರಿಯ ತಟ್ಟೆಗಳ ನಡುವೆ ಒಂದು ಬಿಳಿ ಪೆಟ್ಟಿಗೆಯೂ ಬಂತು. ಮ್ಯಾಕ್ ಲ್ಯಾಪ್‌ಟಾಪ್. ನೆಂಟರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಪವಮಾನ ದೂರದಿಂದ ಹುಬ್ಬು ಹಾರಿಸಿದ. ಸುಮೇಧಾ ನಕ್ಕಳು. ಮನೆ ಖಾಲಿಯಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತೆರೆದಳು.

ಪರದೆ ಬೆಳಗಿತು. ನಡುವೆ ಒಂದು ದುಂಡು ಚಿತ್ರ. ಅದರ ಕೆಳಗೆ ಹೆಸರು.

ಶ್ರೀಕೃತಿ.

ಯಾರು ಶ್ರೀಕೃತಿ? ಬೇರೆಯವರ ಪೆಟ್ಟಿಗೆ ಬಂದಿದೆಯೇ? ಒಂದು ಗಳಿಗೆ ಹಾಗೇ ಅಂದುಕೊಂಡಳು. ಮರುಗಳಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಅಪ್ಪನ ಬಳಿ ಹೋದಳು.

"ಅಪ್ಪಾ, ಶ್ರೀಕೃತಿ ಅಂದ್ರ ಯಾರು?"

ವಾಸುದೇವರಾಯರು ಕನ್ನಡಕ ಒರೆಸಿಕೊಂಡರು. ಅವರ ಕನ್ನಡಕಕ್ಕೆ ಧೂಳು ಕೂಡುವುದು ಇಂಥ ಹೊತ್ತಿನಲ್ಲೇ.

"ಅದು... ಮದುವಿಯೊಳಗ ಅಕ್ಕಿ ಮ್ಯಾಲೆ ಹೊಸಾ ಹೆಸರು ಬರಿಯೂ ಪದ್ಧತಿ ಅದಲ್ಲವಾ. ಬೀಗತಿ ಅದನ್ನ ಆರಿಸ್ಯಾರ. ಛಲೋ ಹೆಸರು. ಅದೇನು ದೊಡ್ಡ ಮಾತು?"

ಹೌದು, ಪದ್ಧತಿ ಅವಳಿಗೂ ಗೊತ್ತು. ತಟ್ಟೆ ತುಂಬ ಅಕ್ಕಿ ಹರವಿ, ಮದುಮಗ ಉಂಗುರದ ತುದಿಯಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಆದರೆ ಅದು ಆಗುವುದು ಮದುವೆಯ ದಿನ, ಎಲ್ಲರೆದುರು. ಇವನು ಯಾರನ್ನೂ ಕೇಳದೆ ಮೊದಲೇ ಟೈಪ್ ಮಾಡಿ ಕಳಿಸಿದ್ದ.

*ಹಾಡು ಬರ್ತಾವ, ಕೆಲಸ ಬರೂದಿಲ್ಲ. ಹುಡುಗಿ ಬರ್ತಾಳ, ಹೆಸರು ಬರೂದಿಲ್ಲ.*

ಮದುವೆಗೆ ಛತ್ರ ಗೊತ್ತಾಗಿತ್ತು. ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಮೆಟ್ಟಿಲಿಳಿದರೆ ಎದುರುಮನೆಯವರು ಸಿರುಗುಪ್ಪದ ಸೊಸೆ ಎಂದು ಕರೆಯುತ್ತಿದ್ದರು. ಬ್ರೂಸ್‌ಪೇಟೆಗೆ ಹೋದರೆ ಬಳೆ ಅಂಗಡಿಯವನೂ ದಿನಾಂಕ ಕೇಳುತ್ತಿದ್ದ. ಮನೆಯಲ್ಲಿ ನಗು, ಬೀದಿಯಲ್ಲಿ ನಗು, ಅವಳೊಬ್ಬಳಿಗೆ ಉಸಿರು ಕಟ್ಟುತ್ತಿತ್ತು. ಬೇಡ ಎನ್ನಲು ಯಾರೂ ಕೆಟ್ಟವರಲ್ಲವಲ್ಲ! ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯವರ ನಡುವೆ ಸಿಕ್ಕಿಬಿದ್ದವಳು ಯಾರ ಮೇಲೆ ಹರಿಹಾಯಬೇಕು?

ಪವಮಾನನ ಫೋನು ಬಂದರೆ ಎತ್ತಲಿಲ್ಲ. ಹಳೆಯ ಕಂಪ್ಯೂಟರಿನ ಮುಂದೆ ಕುಳಿತಳು. ಅದೂ ನಡುನಡುವೆ ನಿಂತು ಚಕ್ರ ತಿರುಗಿಸುತ್ತಿತ್ತು.

ಒಂದು ಸಂಜೆ, ಎರಡು ಹಾಡುಗಳ ನಡುವೆ ಕತ್ತರಿಸಬೇಕಾಗಿದ್ದ ತುಣುಕಿನಲ್ಲಿ ಅಜ್ಜಿಯ ಮಾತು ಕೇಳಿಸಿತು. ರೆಕಾರ್ಡ್ ಮಾಡುವಾಗ ಅವಳು ಅದಕ್ಕೆ ಕಿವಿಗೊಟ್ಟಿರಲಿಲ್ಲ.

"ಈ ಹಾಡು ಕಲಿಸಿದಾಕಿ ನಮ್ಮವ್ವ. ಆವಾಗ ನಾನು ಗೋದಾವರಿ. ವಿಜಯಾ ಆಗಿದ್ದು ಈ ಮನಿಗೆ ಬಂದಮ್ಯಾಲೆ. ಈಗ ಯಾರರೆ ಹಿಂದಿನಿಂದ ಗೋದಾವರಿ ಅಂತ ಕರದ್ರ ನಾ ತಿರುಗಿನೂ ನೋಡೂದಿಲ್ಲ ನೋಡು." ಆಮೇಲೆ ಅಜ್ಜಿ ಸಣ್ಣಗೆ ನಕ್ಕು, ಮುಂದಿನ ಹಾಡು ಎತ್ತಿಕೊಂಡಿದ್ದಳು.

ಸುಮೇಧಾ ಆ ನಗುವನ್ನು ಮತ್ತೆ ಮತ್ತೆ ಕೇಳಿದಳು. ಕಣ್ಣು ತುಂಬಿ ಪರದೆ ಮಸುಕಾಯಿತು.

ಮರುದಿನ ಶಾಲೆಗೆ ರಜೆ ಹಾಕಿ, ಬಿಳಿ ಪೆಟ್ಟಿಗೆಯನ್ನು ಚೀಲಕ್ಕೆ ತುರುಕಿ ಕುರುಗೋಡಿನ ಬಸ್ಸು ಹತ್ತಿದಳು.

ಪಕ್ಕದಲ್ಲಿ ಕುಳಿತ ಗಂಗಕ್ಕ ಎಂಬ ಹೆಂಗಸು ಸುಮ್ಮನಿರುವ ಪೈಕಿಯಲ್ಲ. ಬಳ್ಳಾರಿಯ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕಿ ಊರಿಗೆ ಹೊರಟಿದ್ದಳು.

"ಏನೈತವ್ವಾ ಚೀಲದಾಗ? ಮಗೂನ ಹಿಡ್ಕಂಡಂಗ ಹಿಡ್ಕಂಡೀ."

"ಒಬ್ರು ಕೊಟ್ಟಿದ್ದು. ವಾಪಸ್ ಕೊಡಾಕ ಹೊಂಟೀನಿ."

"ಕೊಟ್ಟಾತ ಕೆಟ್ಟಾತೇನು?"

"ಇಲ್ಲ."

"ಹಂಗಾರ ಬೈದು ಕೊಡು," ಎಂದಳು ಗಂಗಕ್ಕ. "ಸುಮ್ನ ಕೊಟ್ರ ಆತಗ ಏನು ತಿಳಿತೈತಿ?"

ಕುರುಗೋಡಿನಲ್ಲಿ ಇಳಿದು ಸುಮೇಧಾ ಪವಮಾನನಿಗೆ ಫೋನು ಮಾಡಿ ಕಾಲೇಜಿನ ಎದುರು ನಿಂತಳು. ಕಾಲೇಜಿನ ಗೇಟಿನಿಂದ ಓಡಿ ಬಂದ ಪವಮಾನನ ಕೈಯಲ್ಲಿ ಇನ್ನೂ ಸೀಮೆಸುಣ್ಣವಿತ್ತು. ಗೇಟಿನ ಬಳಿ ವಿದ್ಯಾರ್ಥಿಗಳು ಕಣ್ಣರಳಿಸಿ ನಿಂತಿದ್ದರು. ಅವರಿಂದ ತಪ್ಪಿಸಿಕೊಂಡು ಇಬ್ಬರೂ ಬಸವೇಶ್ವರನ ಗುಡಿಯ ನೆರಳಿಗೆ ನಡೆದರು.

ಅವಳು ಚೀಲವನ್ನು ಕಲ್ಲಿನ ಮೇಲಿಟ್ಟಳು.

"ಶ್ರೀಕೃತಿಯವರಿಗೆ ಕೊಡ್ರಿ. ಅವರು ನಮ್ಮ ಮನಿಯೊಳಗ ಇಲ್ಲ."

"ಸುಮೇಧಾ..."

"ನನ್ನ ಮಾತು ಮುಗೀಲಿ. ನಾ ಯಾವಾಗ್ಲೂ ಅರ್ಧಕ್ಕೇ ನಿಲ್ಲಿಸ್ತೀನಿ, ಇವತ್ತು ನಿಲ್ಲಿಸೂದಿಲ್ಲ." ಅವಳು ಬೆರಳು ಮಡಚಿ ಎಣಿಸತೊಡಗಿದಳು. "ನನ್ನ ಕಂಪ್ಯೂಟರ್ ಬಿಡ್ಬೇಕು. ನನ್ನ ಕೆಲಸ ಮತ್ತ ಮದ್ಲಿಂದ ಮಾಡ್ಬೇಕು. ನನ್ನ ಹೆಸರೂ ಬಿಡ್ಬೇಕು. ಎಲ್ಲಾ ಬಿಟ್ಟು ಬರೂದಾದ್ರ, ನೀವು ಮೆಚ್ಚಿದ್ದು ಯಾರನ್ನ? ನನ್ನೊಳಗ ಏನು ಉಳೀತದ ಅಂತ ಕರಕೊಂಡು ಹೊಂಟೀರಿ?"

ಪವಮಾನನ ಬೆರಳಲ್ಲೇ ಸೀಮೆಸುಣ್ಣ ಪುಡಿಯಾಯಿತು.

"ಆ ಹೆಸರು ನಿಮಗ ಭಾಳ ಸೇರೇದ ಅಂತ ನಿಮ್ಮ ತಂದೆಯವರು ನಮ್ಮಮ್ಮನ ಮುಂದ ಹೇಳಿದ್ರು," ಎಂದ ಕೊನೆಗೆ, ಮೆಲ್ಲಗೆ. "ಹಳೇ ಕಂಪ್ಯೂಟರೂ ಬಿಟ್ಟೇ ಬರ್ತಾಳ, ಅದರ ಕಾಟ ಸಾಕಾಗೇದ ಅಂದ್ರು. ಹಂಗಿದ್ರ ನಿಮಗಂತ ಒಂದು ಹೊಸಾದು ಇರ್ಲಿ ಅಂತ ತಗೊಂಡು ಬಂದೆ. ನಿಮಗ ಸೇರಿದ ಹೆಸರು ತೆರದ ಕೂಡ್ಲೆ ಕಂಡ್ರ ಖುಷಿ ಆಗ್ತೀರಿ ಅಂತ..."

ಸುಮೇಧಾ ಕಲ್ಲಿನ ಮೇಲೆ ಕುಸಿದು ಕುಳಿತಳು. ಅಪ್ಪ... ಬೀಗರ ಮನಸ್ಸು ನೋಯಬಾರದೆಂದು ಎಷ್ಟು ಸಲೀಸಾಗಿ ಅವಳ ಮಾತನ್ನೂ ತಾವೇ ಆಡಿಬಿಟ್ಟಿದ್ದರು!

"ಅವರು ಹೇಳಿದ್ದು ನಿಜ ಅಂದ್ಕೊಂಡಿದ್ದು ನನ್ನ ತಪ್ಪು," ಎಂದ ಪವಮಾನ. "ದಿನಾ ಫೋನ್ ಮಾಡ್ತಿದ್ದೆ. ಒಂದು ಮಾತು ನಿಮ್ಮನ್ನ ಕೇಳ್ಬಹುದಿತ್ತು, ಕೇಳಲಿಲ್ಲ. ಬರೇ ಹೇಳ್ಕೋತ ಹೋದೆ."

"ನಾನೂ ನೋಡೋಣ ನೋಡೋಣ ಅಂದೆ," ಎಂದಳು ಅವಳು, ಕಣ್ಣೊರೆಸಿಕೊಂಡು.

"ನಾ ಮೆಚ್ಚಿದ್ದು ಯಾರನ್ನ ಅಂತ ಕೇಳಿದ್ರಲ್ಲ." ಅವನು ಅವಳ ಕಡೆ ನೋಡದೆ ಹೇಳಿದ. "ಮೈಕಿಗೆ ಧಾಬಳಿ ಸುತ್ತಿದಾಕಿನ್ನ. ಆಕಿ ಹೆಸರು ಸುಮೇಧಾ. ಬ್ಯಾರೆ ಯಾರೂ ನನಗ ಬ್ಯಾಡ."

ಗುಡಿಯ ಮೇಲಿನ ಪಾರಿವಾಳಗಳು ಒಮ್ಮೆಲೇ ಎದ್ದು ಮತ್ತೆ ಕುಳಿತವು. ಅವಳಿಗೆ ಎಷ್ಟೋ ದಿನಗಳ ಮೇಲೆ ಪೂರ್ತಿ ಉಸಿರು ಬಂತು.

"ನಿಮ್ಮ ಅಮ್ಮ?"

"ಹೇಳ್ತೀನಿ. ಸಿಟ್ಟಾಗ್ತಾಳ. ಆಗ್ಲಿ."

"ಕಡೀಕೂ ಒಪ್ಪದಿದ್ರ?"

"ಅಕ್ಕಿ ಮ್ಯಾಲೆ ಬರಿಯಾಂವ ನಾನು," ಎಂದ ಪವಮಾನ. "ಉಂಗುರ ಹಿಡಿಯೂ ಬೆರಳು ನಂದು."

ಅವನು ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟ. ಶ್ರೀಕೃತಿಯನ್ನು ಅವಳೇ ಅಳಿಸಿದಳು. ಹೊಸ ಹೆಸರು ಕೇಳುವ ಖಾಲಿ ಜಾಗ ಬಂತು. ಅವನು ಕಾದ.

ಅವಳು ಮುಚ್ಚಳ ಮುಚ್ಚಿದಳು.

"ಈಗಲ್ಲ. ಅಜ್ಜಿ ಕೆಲಸ ಹಳೇದ್ರಾಗ ಶುರು ಆಗೇದ, ಹಳೇದ್ರಾಗೇ ಮುಗೀಬೇಕು. ಎಷ್ಟು ಸಲ ನಿಂತ್ರೂ ಚಿಂತಿಲ್ಲ. ಅದು ಮುಗದ ಮ್ಯಾಲೆ ಹೊಸಾದಕ್ಕ ನಾನೇ ಬರ್ತೀನಿ. ನೀವು ಎಳಕೊಂಡು ಹೋಗಬಾರ್ದು."

"ನಾ ಏನು ಮಾಡ್ಲಿ?"

ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಮೊದಲ ದಿನದ ಸೇವ್, ಧಾಬಳಿಗಳ ಮಾತು ಬಿಟ್ಟರೆ.

"ಐತವಾರ ಬರ್ರಿ. ಅಕ್ಷರ ಕೂಡ್ಸೂದು ಭಾಳ ಉಳದದ."

ಅವನು ಬಂದ. ಬಂದಾಗೆಲ್ಲ ಮ್ಯಾಕ್ ಹೀಗೆ, ಮ್ಯಾಕ್ ಹಾಗೆ ಎಂದು ಬಾಯಿ ತೆರೆಯುವನು, ಅವಳ ಮುಖ ನೋಡಿ ಮುಚ್ಚುವನು. ಮುದಿ ಕಂಪ್ಯೂಟರು ಮುನಿಯುತ್ತಾ, ಮತ್ತೆ ರಾಜಿಯಾಗುತ್ತಾ ಕೆಲಸ ಮುಗಿಸಿಕೊಟ್ಟಿತು. ಮೊದಲ ಪರದೆಯಲ್ಲಿ ಸುಮೇಧಾ ಬರೆದಳು: 'ಹಾಡಿದವರು ವಿಜಯಾಬಾಯಿ. ತವರಿನ ಹೆಸರು ಗೋದಾವರಿ.'

ಅಜ್ಜಿ ಕಣ್ಣು ಕಿರಿದು ಮಾಡಿ ಅದನ್ನು ಓದಿದಳು. "ತಡಿ, ಮುಂದ ಹೋಗಬ್ಯಾಡ. ಇನ್ನೊಂದು ಸಲ ತೋರ್ಸು," ಎಂದಳು.

ಹಿಂದೆ ನಿಂತಿದ್ದ ವಾಸುದೇವರಾಯರೂ ಕನ್ನಡಕ ಏರಿಸಿಕೊಂಡು ಓದಿದರು. ಮದುವೆಗೆ ಸಾಮಾನು ಕಟ್ಟುವಾಗ ಮಗಳ ಬಳಿ ಬಂದು, "ಆ ಕಂಪ್ಯೂಟರೂ ಒಯ್ತೀಯೇನವಾ, ಇಲ್ಲಾ ಇಲ್ಲೇ ಇರ್ಲೋ?" ಎಂದು ಕೇಳಿದರು. ಕೇಳಿದರಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು.

"ಒಯ್ತೀನಪ್ಪಾ."

ಮದುವೆಯ ದಿನ ತಟ್ಟೆ ತುಂಬ ಅಕ್ಕಿ ಬಂತು. ಪವಮಾನನ ತಾಯಿಯ ಮುಖ ಇನ್ನೂ ಗಂಟಾಗಿಯೇ ಇತ್ತು. ಮಗನೊಡನೆ ಹೆಸರಿನ ಮಾತು ಮುಗಿದಿತ್ತೋ, ಅರ್ಧಕ್ಕೇ ನಿಂತಿತ್ತೋ ಯಾರಿಗೂ ತಿಳಿಯದು. ಮಂಟಪದ ಸುತ್ತ ನೆಂಟರು ಒತ್ತಿಕೊಂಡು ನಿಂತರು. ಎಲ್ಲರಿಗೂ ಹೊಸ ಹೆಸರು ನೋಡುವ ಆಸೆ.

"ಮದ್ಲು ಶ್ರೀಕಾರ ಬರೀಪಾ," ಎಂದರು ತಾಯಿ.

ಉಂಗುರ ಅಕ್ಕಿಗೆ ತಾಗಿತು. ಶ್ರೀ... ಎಂದು ಮೂಡಿತು.

ಸುಮೇಧಾ ಉಂಗುರದ ತುದಿಯನ್ನೇ ನೋಡಿದಳು. ಇಷ್ಟು ಜನ, ಇಷ್ಟು ಕಣ್ಣು, ಪಕ್ಕದಲ್ಲೇ ಹೆತ್ತ ತಾಯಿ. ಹೆದರಿಬಿಟ್ಟನೆ?

ಅವನು ಕೈ ಎತ್ತಿದ. ಕೆಳಗಿನ ಸಾಲಿಗೆ ಬಂದ. ನಿಧಾನವಾಗಿ, ಕರಿಹಲಗೆಯ ಮೇಲೆ ಬರೆದಷ್ಟು ದುಂಡಗೆ ಬರೆದ.

ಸುಮೇಧಾ.

ಯಾರೋ ಪಿಸುಗುಟ್ಟಿದರು. ಅತ್ತೆ ತಟ್ಟೆಯನ್ನೇ ನೋಡುತ್ತಾ ನಿಂತರು. ಕೊನೆಗೆ, "ಅಕ್ಷರರೆ ಛಲೋ ಬರದೀ," ಎಂದು ಸೆರಗು ಸರಿಮಾಡಿಕೊಂಡರು. ಹಿಂದಿನಿಂದ ಗೋದಾವರಿಬಾಯಿಯ ನಡುಗುವ ದನಿಯಲ್ಲಿ ಆರತಿಯ ಹಾಡು ಎದ್ದಿತು.

ಆ ಗದ್ದಲದಲ್ಲಿ ಮದುಮಗಳು ತುಸು ಬಾಗಿ, ಗಂಡನಿಗಷ್ಟೇ ಕೇಳುವಂತೆ ಕೇಳಿದಳು:

"ಸೇವ್ ಮಾಡೀರೇನ್ರಿ?"

ಪವಮಾನ ತಾಯಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ.

"ಮಾಡೀನಿ," ಎಂದ. "ಆದ್ರೂ ಅಂಜಿಕಿ ಬರ್ತದ."

ಅವಳು ಅಕ್ಕಿಯ ತಟ್ಟೆಯ ಮರೆಯಲ್ಲಿ ಅವನ ಕೈ ಹಿಡಿದಳು.